ಕಂಬಳಿ ಓಣಿಯ ಸುತ್ತು

ಆ ವರ್ಷ ಸುತ್ತುಗೋಡೆ ನಮ್ಮ ಓಣಿಯ ಬಾವಿಯ ತನಕ ಬಂದಿತ್ತು. ನಾವು ಕಂಬಳಿ ನೇಯುವ ಜನ. ನೇಯ್ದ ಕಂಬಳಿಗೆ ಹುಣಸೆ ಬೀಜದ ಗಂಜಿ ಹಚ್ಚಿ, ಎಳೆದು ಕಟ್ಟಿ ಒಣಗಿಸಬೇಕು. ಬಿಸಿಲು ಸಾಲದಿದ್ದರೆ ಗಂಜಿ ಹುಳಿತು ನಾರುತ್ತದೆ, ಉಣ್ಣೆಗೆ ಬೂಷ್ಟು ಹಿಡಿಯುತ್ತದೆ. ನಾನು ಮದುವೆಯಾಗಿ ಆ ಓಣಿಗೆ ಬಂದಾಗ ಸಂಜೆಯ ತನಕ ಅಂಗಳದಲ್ಲಿ ಬಿಸಿಲಿರುತ್ತಿತ್ತು. ಈಗ ಊಟದ ಹೊತ್ತಿಗೇ ಗೋಡೆಯ ನೆರಳು ಬಾಗಿಲಿಗೆ ಬಂದು ನಿಲ್ಲುತ್ತಿತ್ತು. ನಾವು ಹೆಂಗಸರು ಒದ್ದೆ ಕಂಬಳಿಗಳನ್ನು ಹೆಗಲ ಮೇಲೆ ಹೊತ್ತು, ಬಿಸಿಲು ಹುಡುಕಿಕೊಂಡು ಕುಂಬಾರ ಓಣಿಯ ಬಯಲಿಗೆ ಹೋಗುತ್ತಿದ್ದೆವು.

ಊರ ನಡುವೆ ಕಣ. ದುಂಡಗೆ, ಮರಳು ಹಾಸಿದ ನೆಲ. ಅದರ ಸುತ್ತ ಒಂದರ ಹಿಂದೆ ಒಂದು ಏರುತ್ತ ಹೋಗುವ ಕಲ್ಲಿನ ಸುತ್ತುಗಳು, ಕೂತು ನೋಡುವುದಕ್ಕೆ. ಮರಳಿನ ಕೆಳಗೆ ಹಲಗೆ, ಹಲಗೆಯ ಕೆಳಗೆ ಕತ್ತಲೆಯ ಕೋಣೆಗಳು. ರಾಟೆ ತಿರುಗಿಸಿದರೆ ನೆಲ ಬಾಯಿ ತೆರೆದು, ಕರಡಿಯೋ ಕಾಡುಹಂದಿಯೋ ಮರಳಿನ ಮಧ್ಯೆ ಎದ್ದು ಬರುತ್ತಿತ್ತು. ಬೆಳಿಗ್ಗೆ ಪ್ರಾಣಿಗಳ ಆಟ, ಮಧ್ಯಾಹ್ನದ ಮೇಲೆ ಕಾದಾಡುವ ಆಳುಗಳ ಜೋಡಿ ಆಟ. ಜೋಡಿಯಲ್ಲಿ ಒಬ್ಬ ಬಿದ್ದು, ಸೋತೆನೆಂದು ಬೆರಳೆತ್ತಿದರೆ ನಗಾರಿ ಶುರುವಾಗುತ್ತದೆ. ನಗಾರಿ ಬಡಿಯುವಷ್ಟು ಹೊತ್ತು ಜನ ಕೈ ಎತ್ತಿ ಹಿಡಿಯಬೇಕು. ಅಂಗೈ ತೋರಿಸಿದರೆ ಅವನಿಗೆ ಜೀವ, ಮುಷ್ಟಿ ಕಟ್ಟಿದರೆ ಸಾವು. ನಗಾರಿ ನಿಂತಾಗ ಯಾವುದು ಹೆಚ್ಚಿದೆಯೋ ನೋಡಿ ಊರಾಳುವ ದೇಸಾಯರು ತಮ್ಮ ಕೈ ಎತ್ತುತ್ತಾರೆ. ಕಣದೊಳಗೆ ಮನುಷ್ಯ ಸತ್ತ ದಿನ, ಹೊತ್ತು ಮುಳುಗುವುದರೊಳಗೆ, ಹೊರಗೋಡೆಯ ಆಚೆ ಇನ್ನೊಂದು ಸುತ್ತು ಏಳುತ್ತಿತ್ತು. ಅಲ್ಲಿದ್ದ ಮನೆಗಳು ಕಲ್ಲಾಗುತ್ತಿದ್ದವು. ಒಲೆ, ತೊಟ್ಟಿಲು, ಕಟ್ಟಿದ ದನ, ಒಳಗಿದ್ದದ್ದೆಲ್ಲ ಕಲ್ಲಿನೊಳಗೇ.

ಊರಿನ ಜನ ಇದಕ್ಕೆ ಹೊಂದಿಕೊಂಡಿದ್ದರು. ಆಟದ ದಿನ ಗೋಡೆಯ ಪಕ್ಕದ ಓಣಿಯವರು ಪಾತ್ರೆ ಪಗಡ ಗಂಟು ಕಟ್ಟಿ ಹೊರಗಿಡುತ್ತಿದ್ದರು. ಹಾಸಿಗೆ ಹಿಡಿದವರನ್ನು ದೂರದ ನೆಂಟರ ಮನೆಗೆ ಹೊತ್ತು ಬಿಡುತ್ತಿದ್ದರು. ಯಾರ ಮನೆ ಹೋಯಿತೋ ಅವರಿಗೆ ಆ ಸುತ್ತಿನ ಮೇಲೆ ಕೂರುವ ಹಕ್ಕು, ಅದರ ಕೆಳಗಿನ ಕಮಾನಿನಲ್ಲಿ ಸಂಸಾರ ಹೂಡುವ ಹಕ್ಕು. "ನಾ ನಮ್ಮ ಅಡಿಗಿಮನಿ ಮ್ಯಾಲ ಕುಂದರತೀನಿ, ನೀನು?" ಎಂದು ಹೆಂಗಸರು ಒಬ್ಬರನ್ನೊಬ್ಬರು ಕೇಳುವುದಿತ್ತು. ಮನೆ ಇನ್ನೂ ಉಳಿದವರಿಗೆ ಕೂರುವ ಜಾಗವಿಲ್ಲ. ನಾವು ಎಲ್ಲಕ್ಕಿಂತ ಮೇಲೆ, ಅಡ್ಡ ಕಟ್ಟಿದ ಕಟಾಂಜನದ ಹಿಂದೆ, ನೆರಳಿಗೆ ಕಟ್ಟಿದ ಚಪ್ಪರದ ಹಗ್ಗಗಳ ನಡುವೆ ನಿಂತು ನೋಡಬೇಕು.

ನನ್ನ ತವರುಮನೆ ನಾನು ಮದುವೆಯಾದ ವರ್ಷವೇ ಸುತ್ತಿನೊಳಗೆ ಹೋಯಿತು. ಅಪ್ಪ ಅವ್ವ ಕಮಾನಿನ ಥಂಡಿಯಲ್ಲಿ ಹೆಚ್ಚು ದಿನ ಬಾಳಲಿಲ್ಲ. ತಮ್ಮ ಅಮೋಘಿ ಗರಡಿ ಸೇರಿದ. ಕತ್ತಿ ಗುರಾಣಿಯ ಆಳಾದ. ಅವನಿಗೆ ಅದು ಒಲಿದಿತ್ತು. ಅವನು ಮರಳಿಗೆ ಇಳಿದರೆ ಮೇಲಿನ ಸುತ್ತುಗಳಲ್ಲಿ ಚುರುಮುರಿ ಮಾರುವವರೂ ಬುಟ್ಟಿ ಇಳಿಸಿ ನಿಲ್ಲುತ್ತಿದ್ದರು. ಮೊದಮೊದಲು ನಮ್ಮ ಓಣಿಯವರು ಅವನನ್ನು ಹೆಗಲ ಮೇಲೆ ಹೊತ್ತು ತಂದು ನನ್ನ ಅಂಗಳದಲ್ಲಿ ಇಳಿಸಿದ್ದರು. ಅವನು ಗೆದ್ದ ಆಟಗಳಲ್ಲಿ ಜನ ಮುಷ್ಟಿ ತೋರಿಸಿದ್ದೂ ಉಂಟು. ಹಾಗೆ ಎದ್ದ ಸುತ್ತುಗಳಲ್ಲಿ ಕಡೆಯದು ಬಡಗಿ ಓಣಿಯನ್ನು ತೆಗೆದುಕೊಂಡಿತು. ಬಡಗಿ ಓಣಿಯ ಆಚೆ ನಮ್ಮದೇ. ಆಮೇಲೆ ಅವನು ಬಂದರೆ ಓಣಿಯವರು ಮಗ್ಗದ ಗುಂಡಿಯಿಂದ ತಲೆ ಎತ್ತುತ್ತಿರಲಿಲ್ಲ.

ಅಮೋಘಿಯ ಮುಂದಿನ ಆಟದ ಹಿಂದಿನ ಸಂಜೆ ಪಕ್ಕದ ಮನೆಯ ಲಗಮವ್ವ ಬಂದಳು. ಹಿಂದೆ ಓಣಿಯ ಇನ್ನಷ್ಟು ಜನ. ನನ್ನ ಗಂಡ ಯಮನಪ್ಪ ಮಗ್ಗದಲ್ಲಿ ಕೂತಿದ್ದವನು ಎದ್ದು ಬಂದ. ಅವರೆಲ್ಲ ಮೊದಲೇ ಮಾತಾಡಿಕೊಂಡು ಬಂದಿದ್ದಾರೆಂದು ಅವನು ನನ್ನ ಮುಖ ನೋಡದೆ ನಿಂತಾಗಲೇ ತಿಳಿಯಿತು.

"ಮಾಳವ್ವ, ನಿನ್ನ ತಮ್ಮ ಗೆದ್ದು ಎದುರಿನಂವನ್ನ ಕೊಂದ್ರೂ ನಮ್ಮ ಮನಿ ಹೋಗತಾವ, ಸೋತು ಅಂವನ ಸತ್ರೂ ಹೋಗತಾವ," ಎಂದಳು ಲಗಮವ್ವ. "ಉಳಿಯೂದು ಅಂದ್ರ ಒಂದ ದಾರಿ. ಬಿದ್ದಂವಾ ಯಾರರ ಇರ್ಲಿ, ಸಾಯಬಾರದು."

"ಅದಕ್ಕ ಎಲ್ಲಾರೂ ಅಂಗೈ ಎತ್ತೂನು ಅಂದೇವಲ್ಲ," ಎಂದೆ.

"ಅಷ್ಟು ಮಂದ್ಯಾಗ ನಮ್ಮ ಓಣಿ ಕೈ ಎದಕ್ಕ ಸಾಲತಾವ? ಅಮೋಘಿಗೆ ಒಂದ್ ಮಾತು ಹೇಳು. ಅಂವಾ ಗೆಲ್ಲಾಂವನ. ಮುಷ್ಟಿ ಬಂದ್ರೂ ಹೊಡೀಬ್ಯಾಡ ಅಂತ ಹೇಳು."

ಮುಷ್ಟಿ ಮೀರಿ ಬಿಟ್ಟವನನ್ನು ಏನು ಮಾಡುತ್ತಾರೆಂದು ಊರಿಗೆಲ್ಲ ಗೊತ್ತು. ಹೊಳೆಯ ದಂಡೆಯ ಕಂಬಕ್ಕೆ ಕಟ್ಟಿ ಕಲ್ಲು ಹೊಡೆಯುತ್ತಾರೆ. ಅದು ಕಣದ ಹೊರಗಿನ ಸಾವು. ಹೊರಗಿನ ಸಾವಿಗೆ ಸುತ್ತು ಏಳುವುದಿಲ್ಲ. ಅಂದರೆ ಅವರು ಕೇಳುತ್ತಿದ್ದದ್ದು ಏನೆಂದು ನನಗೆ ಪೂರ್ತಿ ಅರ್ಥವಾಯಿತು. ನಾನು ಗಂಡನ ಕಡೆ ತಿರುಗಿದೆ.

"ನೀವೂ ಇದನ್ನ ಹೇಳತೀರೇನು?"

ಯಮನಪ್ಪ ಉಣ್ಣೆಯ ಎಳೆಯೊಂದನ್ನು ಬೆರಳಿಗೆ ಸುತ್ತುತ್ತಿದ್ದ. "ಕೇಳಿ ನೋಡು," ಎಂದ. "ಒಲ್ಲೆ ಅಂದ್ರ ಬಿಡು."

ಮರುದಿನ ಬೆಳಿಗ್ಗೆ ಕರಡಿಯ ಆಟ ನಡೆಯುತ್ತಿದ್ದಾಗ ನಾನು ಜೋಳದ ರೊಟ್ಟಿ, ಶೇಂಗಾ ಹಿಂಡಿ, ಮೊಸರು ಕಟ್ಟಿಕೊಂಡು ಕೆಳಗಿನ ಕೋಣೆಗಳಿಗೆ ಇಳಿದೆ. ಆಳುಗಳ ಮನೆಯವರು ಬುತ್ತಿ ಕೊಡಲು ಬರಬಹುದಿತ್ತು. ಮೇಲೆ ಜನ ಕಾಲು ಬಡಿದಾಗಲೆಲ್ಲ ಹಲಗೆಗಳ ಸಂದಿನಿಂದ ಮರಳು ಸುರಿಯುತ್ತಿತ್ತು. ಮೊಸರಿನ ಗಡಿಗೆಗೆ ಸೆರಗು ಮುಚ್ಚಿಕೊಂಡು ನಡೆದೆ. ಅಮೋಘಿ ಗೋಡೆಗೆ ಒರಗಿ ಕೂತಿದ್ದ. ಅವನ ಪಕ್ಕದಲ್ಲೇ ಜಕ್ಕಪ್ಪ, ಬಲೆಯ ಹರಿದ ಕಣ್ಣು ಹೊಲಿಯುತ್ತಿದ್ದ. ಜಕ್ಕಪ್ಪ ಬಲೆ ಮತ್ತು ಮೂರು ಮೊನೆಯ ಈಟಿಯ ಆಳು. ಅದೇ ಗರಡಿಯವನು. ಅವತ್ತು ಮಧ್ಯಾಹ್ನ ನನ್ನ ತಮ್ಮನ ಎದುರು ನಿಲ್ಲಬೇಕಾದವನು ಅವನೇ.

"ಅಕ್ಕಾರ, ರೊಟ್ಟಿ ಹೆಚ್ಚಿಗಿ ಅದಾವೇನ್ರಿ?" ಎಂದು ಜಕ್ಕಪ್ಪ ಕೇಳಿದ. ಇಬ್ಬರಿಗೂ ಬಡಿಸಿದೆ. ಇಬ್ಬರೂ ಒಂದೇ ಪರಾತಿನಲ್ಲಿ ಉಂಡರು. ಹಿಂಡಿ ಖಾರವಾಗಿದೆಯೆಂದು ಜಕ್ಕಪ್ಪ ಕಣ್ಣೊರೆಸಿಕೊಂಡ. ಅಮೋಘಿ ತನ್ನ ಪಾಲಿನ ಮೊಸರನ್ನು ಅವನ ಕಡೆ ಸರಿಸಿದ.

"ಏನೋ ಹೇಳಾಕ ಬಂದಿ. ಹೇಳಕ್ಕಾ," ಎಂದ ಅಮೋಘಿ.

"ಏನಿಲ್ಲೊ. ಉಣ್ಣು."

"ಓಣ್ಯಾಗ ಏನಂತಾರ?"

"ಅಂಗೈ ಎತ್ತತಾರಂತ."

ಅವನು ನಕ್ಕ. "ಯಾರಿಗೆ? ನನಗೋ, ಓಣಿ ಬಾವಿಗೋ?"

ಹೇಳಬೇಕೆಂದುಕೊಂಡು ಬಂದ ಮಾತನ್ನು ಜಕ್ಕಪ್ಪನ ಎದುರು ಹೇಳುವುದು ಹೇಗೆ ಎಂಬುದೊಂದು ನೆಪ. ಅವನಿಲ್ಲದಿದ್ದರೂ ಹೇಳುತ್ತಿರಲಿಲ್ಲ. ಅಮೋಘಿಯ ಗುರಾಣಿಯ ಪಟ್ಟಿ ಸಡಿಲವಾಗಿತ್ತು. ಅದನ್ನು ಬಿಗಿದು ಕಟ್ಟಿಕೊಟ್ಟು ಎದ್ದು ಬಂದೆ.

ಮೇಲೆ ಯಮನಪ್ಪ ಕಾಯುತ್ತಿದ್ದ. "ಕೇಳಲಿಲ್ಲ," ಎಂದೆ. "ನನಗ ಆಗೂದಿಲ್ಲ. ಬೇಕಾದ್ರ ನೀವು ಹೋಗ್ರಿ." ಅವನು ಕೋಣೆಗಳ ಕಡೆ ಹೋಗುವ ದಾರಿಯೊಳಗೆ ಸ್ವಲ್ಪ ದೂರ ಹೋದ. ಅಲ್ಲಿಯೇ ನಿಂತ. ತಿರುಗಿ ಬಂದು ನನ್ನ ಪಕ್ಕ ನಿಂತುಕೊಂಡ. ಅವನು ಕೇಳಿದನೋ ಇಲ್ಲವೋ ಎಂದು ಲಗಮವ್ವ ದೂರದಿಂದಲೇ ಕಣ್ಣಲ್ಲಿ ಕೇಳಿದಳು. ಅವನು ಇಲ್ಲವೆಂದು ತಲೆ ಅಲ್ಲಾಡಿಸಿದ.

ಮಧ್ಯಾಹ್ನ ಚಪ್ಪರದ ಬಟ್ಟೆ ಗಾಳಿಗೆ ಬಡಿದುಕೊಳ್ಳುತ್ತಿತ್ತು. ಕರಡಿಯ ರಕ್ತ ಬಿದ್ದ ಕಡೆ ಹೊಸ ಮರಳು ಚೆಲ್ಲಿ ಎಳೆದಿದ್ದರು. ಮೇಲಿನಿಂದ ಇಬ್ಬರೂ ಗೇಣಷ್ಟೇ ಕಾಣುತ್ತಿದ್ದರು. ಅಮೋಘಿ ಶುರುವಿನಲ್ಲೇ ನುಗ್ಗಿ ಜಕ್ಕಪ್ಪನ ಹೆಗಲಿಗೆ ಕತ್ತಿ ತಾಗಿಸಿದ. ಸುತ್ತುಗಳು ಎದ್ದು ನಿಂತವು. ಜಕ್ಕಪ್ಪ ಹಿಂದೆ ಸರಿಯುತ್ತಾ, ಬಲೆಯನ್ನು ನೆಲದ ಮೇಲೆ ಎಳೆಯುತ್ತಾ ಸುತ್ತು ಬಂದ. ಅಮೋಘಿ ಅವನನ್ನು ಗೋಡೆಗೆ ಒತ್ತಿದ. ಇನ್ನೇನು ಮುಗಿಯಿತು ಎನ್ನುವಾಗ ಅವನ ಹಿಮ್ಮಡಿ ಹೊಸ ಮರಳಿನಲ್ಲಿ ಜಾರಿತು. ಬಲೆ ಅವನ ಮೇಲೆ ಬಿದ್ದದ್ದು ನನಗೆ ಕಾಣಲೇ ಇಲ್ಲ. ಅವನು ಅದರೊಳಗೆ ಹೊರಳುವುದು ಕಂಡಿತು. ಈಟಿ ತೊಡೆಗೆ ಇಳಿಯಿತು. ಕತ್ತಿ ಕೈತಪ್ಪಿ ದೂರ ಹೋಯಿತು. ಬಲೆಯ ಕಣ್ಣೊಳಗಿಂದ ಒಂದು ಬೆರಳು ಮೇಲೆ ಬಂತು.

ನಗಾರಿ ಶುರುವಾಯಿತು. ನಗಾರಿಯ ಹುಲಿಗೆಪ್ಪ ಕಣದ ಅಂಚಿನಲ್ಲಿ, ಮರಳಿನ ಮೇಲೆಯೇ ನಿಂತು ಬಡಿಯುತ್ತಿದ್ದ. ವಯಸ್ಸಾದವನು. ತೋಳು ಸೋಲುವ ತನಕ ಬಡಿಯುವುದು ಅವನ ಹಕ್ಕು. ನಿಲ್ಲಿಸು ಎನ್ನುವ ಅಧಿಕಾರ ದೇಸಾಯರಿಗೂ ಇರಲಿಲ್ಲ. ಆದರೆ ಯಾವ ಆಟದಲ್ಲೂ ಅವನು ಬಹಳ ಹೊತ್ತು ಬಡಿದವನಲ್ಲ. ಜನರಿಗೆ ಕೈ ಎತ್ತಲು ಎಷ್ಟು ಹೊತ್ತು ಬೇಕು?

ನಾವು ಅಂಗೈ ಎತ್ತಿದೆವು. ನಮ್ಮ ಕೆಳಗಿನ ಸುತ್ತಿನಲ್ಲಿ ಬಡಗಿ ಓಣಿಯವರೆಲ್ಲ ಮುಷ್ಟಿ ಕಟ್ಟಿದ್ದರು. ಅದರ ಕೆಳಗೂ ಮುಷ್ಟಿ, ಅದರ ಕೆಳಗೂ. ಅಲ್ಲೊಂದು ಇಲ್ಲೊಂದು ಅಂಗೈ. ಲಗಮವ್ವ "ಅಯ್ಯ ದೇವರ," ಎಂದಳು. ನಾನು ಕಟಾಂಜನ ದಾಟಿದ್ದು ಯಾವಾಗ ಎಂದು ನನಗೆ ನೆನಪಿಲ್ಲ. ಬಡಗಿ ಓಣಿಯ ಕಾಳಮ್ಮನ ಮುಂದೆ ಮೊಣಕಾಲೂರಿದ್ದೆ. ಅವಳು ನನಗೆ ಗುರುತಿನವಳು. ನಮ್ಮ ಮಗ್ಗದ ಕಂಬ ಮಾಡಿಕೊಟ್ಟವನು ಅವಳ ಗಂಡ.

"ಕಾಳಮ್ಮ, ಕೈ ತೆರಿಯವ್ವಾ."

"ನಿನ್ನ ತಮ್ಮನ ಕೈಲೇ ನಮ್ಮ ಮನಿ ಹೋತು. ಈಗ ಅಂಗೈ ಬೇಡತೀಯೇನು?"

"ಹೌದು, ಬೇಡತೀನಿ. ಅಂವಾ ಸತ್ರ ನಿಮ್ಮ ಮನಿ ತಿರುಗಿ ಬರತಾವೇನು?"

"ಬರೂದಿಲ್ಲ," ಎಂದಳು ಕಾಳಮ್ಮ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಹೆಚ್ಚು ಹೆದರಿಸಿತು. "ನೀನೂ ಬಂದು ನನ್ನ ಹಿಂದ ಕುಂದರತಿ. ಅಷ್ಟ."

ಅವಳ ಪಾದ ಹಿಡಿದೆ. ಅವಳು ಕಾಲು ಹಿಂದಕ್ಕೆಳೆದುಕೊಂಡಳು. ಅವಳ ಪಕ್ಕದಲ್ಲಿ ಕೂತಿದ್ದ ಮುದುಕ ಮಾತ್ರ ನನ್ನನ್ನು ನೋಡುತ್ತಿದ್ದವನು ಮೆಲ್ಲಗೆ ಬೆರಳು ಬಿಡಿಸಿದ. ಅಷ್ಟು ಸಾಕಾಯಿತು. ನಾನು ಎದ್ದು ಕೆಳಗಿನ ಸುತ್ತಿಗೆ ಇಳಿದೆ. ಯಾರ ಯಾರ ಹೆಸರು ಗೊತ್ತಿತ್ತೋ ಅವರನ್ನು ಹೆಸರು ಹಿಡಿದು ಕರೆದೆ. ಗೊತ್ತಿಲ್ಲದವರನ್ನು ಅಣ್ಣಾ, ಯಪ್ಪಾ, ತಾಯಿ ಎಂದೆ. ಕೆಲವರು ಮುಖ ತಿರುಗಿಸಿದರು. ಒಬ್ಬ ನನ್ನನ್ನು ಅಡ್ಡ ಬಂದೆಯೆಂದು ಮೊಣಕೈಯಿಂದ ತಳ್ಳಿದ. ಕೆಳಗಿಳಿದಂತೆ ಹಳೆಯ ಸುತ್ತುಗಳು. ಅಲ್ಲಿ ಕೂತವರ ಮನೆಗಳು ಅಜ್ಜಂದಿರ ಕಾಲದಲ್ಲೇ ಹೋಗಿದ್ದವು. ಅವರು ಅಭ್ಯಾಸಕ್ಕೆ ಮುಷ್ಟಿ ಕಟ್ಟಿದ್ದರು. ಒಬ್ಬ ಎಲೆಯಡಿಕೆ ಅಗಿಯುತ್ತಲೇ "ಯಾರು ಬಿದ್ದಾರ?" ಎಂದು ಕೇಳಿದ. "ನನ್ನ ತಮ್ಮರಿ," ಎಂದೆ. "ಹೌದೇನು?" ಎಂದು ನಾಚಿಕೊಂಡವನ ಹಾಗೆ ಕೈ ತೆರೆದ. ಅವನನ್ನು ನೋಡಿ ಅವನ ಜೊತೆಯವರೂ ತೆರೆದರು.

ಆಗ ನನಗೆ ಹೊಳೆಯಿತು. ನಗಾರಿ ಇನ್ನೂ ನಿಂತಿರಲಿಲ್ಲ.

ತಿರುಗಿ ನೋಡಿದೆ. ಅತ್ತ ಕಡೆಯ ಮೆಟ್ಟಿಲಲ್ಲಿ ಲಗಮವ್ವ ಸೀರೆ ಎತ್ತಿಕಟ್ಟಿ ಇಳಿಯುತ್ತಿದ್ದಳು. ಅವಳಿಂದಾಚೆ ಯಮನಪ್ಪ ಯಾರದೋ ಮುಂದೆ ಕೈ ಮುಗಿದು ನಿಂತಿದ್ದ. ಯಾವತ್ತೂ ನಾಲ್ಕು ಜನರ ಮುಂದೆ ಬಾಯಿ ಬಿಡದವನು. ನಮ್ಮ ಓಣಿ ಪೂರಾ ಸುತ್ತುಗಳ ಮೇಲೆ ಚೆಲ್ಲಿಕೊಂಡಿತ್ತು. ದೇಸಾಯರು ಛತ್ರಿಯ ಕೆಳಗಿಂದ ಮುಖ ಹೊರಗೆ ಹಾಕಿ ನಗಾರಿಯ ಕಡೆ ನೋಡಿದರು. ಹುಲಿಗೆಪ್ಪ ಅವರ ಕಡೆ ನೋಡಲಿಲ್ಲ. ನಾನು ಕಣದ ಅಂಚಿನ ಗೋಡೆಗೆ ಎದೆಯಾನಿಸಿ ನಿಂತಾಗ ಅವನ ಮುಖ ಕಂಡಿತು. ಬಾಯಿ ತೆರೆದಿತ್ತು, ಮುಖವೆಲ್ಲ ಬೆವರು, ಕತ್ತಿನ ನರ ಹಗ್ಗದಂತೆ ಎದ್ದಿತ್ತು. ಅವನ ಕಣ್ಣು ನನ್ನ ಮೇಲಿತ್ತು.

"ಕಾಕಾ, ನಿಲ್ಲಿಸಬ್ಯಾಡ್ರಿ!" ಎಂದು ಕೂಗಿದೆ. "ಇನ್ನೊಂಚೂರು! ಕಾಕಾ!"

ಅವನು ಕೇಳಿಸಿತು ಎಂಬಂತೆ ತಲೆದೂಗಿದ. ಪೆಟ್ಟು ನಿಧಾನವಾದವು, ಆದರೆ ನಿಲ್ಲಲಿಲ್ಲ. ಬಲೆಯೊಳಗೆ ಅಮೋಘಿ ಅಲ್ಲಾಡುತ್ತಿರಲಿಲ್ಲ. ಜಕ್ಕಪ್ಪ ಈಟಿಯನ್ನು ಅವನ ಕತ್ತಿನ ಮೇಲೆ ಹಿಡಿದು ನಿಂತಿದ್ದ. ಮೇಲೆ ಒಂದೊಂದೇ ಸುತ್ತಿನಲ್ಲಿ ಕೈಗಳ ಬಣ್ಣ ಬದಲಾಗುತ್ತಿತ್ತು. ಮುಷ್ಟಿ ಕಪ್ಪಗೆ ಕಾಣುತ್ತದೆ, ಅಂಗೈ ಬೆಳ್ಳಗೆ. ನಗಾರಿಯ ಮೇಲೆ ಒಂದು ಪೆಟ್ಟು ಬಿತ್ತು. ಇನ್ನೊಂದು ಬೀಳಲಿಲ್ಲ.

ದೇಸಾಯರು ಎದ್ದು ನಿಂತರು. ಬಹಳ ಹೊತ್ತು ಸುತ್ತಲೂ ನೋಡಿದರು. ಅವರ ಬಲಗೈ ಮೇಲೆ ಬಂತು. ಬೆರಳು ಮಡಚಿದ್ದವೋ ಬಿಡಿಸಿದ್ದವೋ ನನ್ನ ಕಣ್ಣಿಗೆ ತಿಳಿಯಲಿಲ್ಲ. ಕಣ್ಣು ತುಂಬಿತ್ತು. ಜಕ್ಕಪ್ಪ ಈಟಿಯನ್ನು ಮರಳಿಗೆ ಎಸೆದಾಗ ತಿಳಿಯಿತು.

ಅವನೇ ಬಾಗಿ ಬಲೆ ಬಿಡಿಸಿದ. ಅಮೋಘಿ ಅವನ ಹೆಗಲು ಹಿಡಿದು ಎದ್ದ. ಜನ ಕೂಗುತ್ತಿದ್ದರು, ಸಿಟ್ಟಿಗೋ ಖುಷಿಗೋ ಗೊತ್ತಿಲ್ಲ. ಅವರಿಬ್ಬರೂ ಬಾಗಿಲ ಕಡೆ ಹೊರಟವರು ನಗಾರಿಯ ಬಳಿ ನಿಂತರು. ಹುಲಿಗೆಪ್ಪ ನಗಾರಿಯ ಮೇಲೆ ಕೆನ್ನೆ ಇಟ್ಟು ಬಾಗಿಕೊಂಡಿದ್ದ. ಜಕ್ಕಪ್ಪ ಅವನ ಬೆನ್ನು ಮುಟ್ಟಿದ. "ಕಾಕಾ?" ಎಂದದ್ದು ನನಗೆ ಕೇಳಿಸಿತು. ಮರುಕ್ಷಣ ಇಬ್ಬರೂ ಅವನನ್ನು ಎತ್ತಿಕೊಂಡು ಓಡುತ್ತಿದ್ದರು. ಅಮೋಘಿಯ ತೊಡೆಯಿಂದ ರಕ್ತ ಸುರಿಯುತ್ತಿತ್ತು, ಒಂದು ಕಾಲು ಎಳೆಯುತ್ತಿದ್ದ. ಆದರೂ ಓಡುತ್ತಿದ್ದ. "ಉಸಿರೈತಿ! ಉಸಿರೈತಿ!" ಎಂದು ಕೂಗುತ್ತಿದ್ದ. ಅವನೇಕೆ ಹಾಗೆ ಓಡುತ್ತಿದ್ದಾನೆಂದು ನೋಡುತ್ತಿದ್ದವರಿಗೆಲ್ಲ ಗೊತ್ತಾಯಿತು.

ನಾನು ನೂಕುನುಗ್ಗಲಲ್ಲಿ ಹೊರಗೆ ಬರುವಷ್ಟರಲ್ಲಿ ಹುಲಿಗೆಪ್ಪನನ್ನು ಬಾಗಿಲಾಚೆಯ ಹಾಸುಗಲ್ಲಿನ ಮೇಲೆ ಮಲಗಿಸಿ, ಮುಖಕ್ಕೆ ಜಕ್ಕಪ್ಪನ ವಲ್ಲಿ ಹೊದಿಸಿದ್ದರು. ಮುದುಕನ ಹೆಂಡತಿ ಬಂದು ಪಕ್ಕದಲ್ಲಿ ಕೂತಿದ್ದಳು. ದೇಸಾಯರ ಕಡೆಯವನೊಬ್ಬ ಅಮೋಘಿಯನ್ನು ಕೇಳುತ್ತಿದ್ದ.

"ಜೀವ ಒಳಗ ಹೋತೋ, ಹೊರಗ ಹೋತೋ?"

"ಹೊರಗ. ಬಾಗಲಾ ದಾಟಿದ ಮ್ಯಾಲ ಒಮ್ಮೆ ಕಣ್ಣು ತೆರದ್ರು."

"ನೀ ನೋಡಿದೇನು?" ಎಂದು ಅವನು ಜಕ್ಕಪ್ಪನನ್ನು ಕೇಳಿದ. ಜಕ್ಕಪ್ಪ ಕಾಲ ಕಡೆಯಿಂದ ಹಿಡಿದಿದ್ದವನು. ಅವನು ಅಮೋಘಿಯನ್ನು ನೋಡಿದ, ನನ್ನನ್ನು ನೋಡಿದ. "ನೋಡಿದೆ," ಎಂದ. ಆದರೆ ಗೋಡೆ ಯಾರನ್ನೂ ಕೇಳುವುದಿಲ್ಲ. ಅದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು.

ಹುಲಿಗೆಪ್ಪನ ಹೆಂಡತಿಯ ಬಳಿ ಕೂತೆ. ನಿಲ್ಲಿಸಬೇಡಿ ಎಂದು ಕೂಗಿದವಳು ನಾನೇ ಎಂದು ಅವಳಿಗೆ ಹೇಳಿದೆ. ಅವಳು ವಲ್ಲಿಯ ಅಂಚು ಸರಿಮಾಡುತ್ತಿದ್ದಳು. "ತೋಳು ನೋಯತಾವ ಅಂತಿದ್ರು," ಎಂದಳು. "ಮುಂಜಾನೆ ಎಣ್ಣಿ ಹಚ್ಚಿ ತಿಕ್ಕಿದ್ದೆ." ನಾನು ಅವಳ ಪಕ್ಕದಲ್ಲಿ ಕೂತೇ ಇದ್ದೆ. ಲಗಮವ್ವ ಬಂದು ರಟ್ಟೆ ಹಿಡಿದು ಎಬ್ಬಿಸಿದಳು. "ಹೊತ್ತು ಇಳೀತು. ಬಾ."

ಓಣಿಯವರೆಲ್ಲ ಕುಂಬಾರ ಓಣಿಯ ಬಯಲಿನಲ್ಲಿ ಗಂಟುಗಳ ಪಕ್ಕ ನಿಂತಿದ್ದೆವು. ಅಮೋಘಿಯ ತೊಡೆಗೆ ಬಟ್ಟೆ ಬಿಗಿದು ಕಂಬಳಿಗಳ ಮೇಲೆ ಕೂರಿ‌ಸಿದ್ದರು. ಯಮನಪ್ಪ ಮನೆಯೊಳಗೆ ಹೋಗಿ ಮಗ್ಗದ ಕಂಬ ಕೀಳತೊಡಗಿದ. "ಹೊರಗ ಬರ್ರಿ," ಎಂದು ಕೂಗಿದೆ. "ಇನ್ನೂ ಹೊತ್ತೈತಿ," ಎಂದು ಒಳಗಿಂದಲೇ ಹೇಳಿದ. ಸೂರ್ಯ ಗೋಡೆಯ ನೆತ್ತಿಯ ಹಿಂದೆ ಸರಿದಿದ್ದರಿಂದ ನಿಜವಾಗಿ ಎಷ್ಟು ಹೊತ್ತಿದೆಯೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ಕುಂಬಾರರು ತಮ್ಮ ಬಾಗಿಲುಗಳಲ್ಲಿ ನಿಂತು ನಮ್ಮನ್ನು ನೋಡುತ್ತಿದ್ದರು. ಆಕಾಶ ಕೆಂಪಾಯಿತು. ಇನ್ನು ಏಳುವುದಿಲ್ಲ ಎಂದು ಯಾರೋ ಅಂದರು. ಒಬ್ಬಿಬ್ಬರು ಗಂಟು ಎತ್ತಿಕೊಂಡು ಮನೆಯ ಕಡೆ ಹೆಜ್ಜೆ ಇಟ್ಟರು.

ಆಗ ಬೀಸುವ ಕಲ್ಲಿನಂಥ ಸದ್ದು ನೆಲದಡಿಯಿಂದ ಬಂತು. ಅಮೋಘಿ ಎದ್ದು, ಕುಂಟುತ್ತಾ ಓಡಿ, ನನ್ನ ಗಂಡನನ್ನು ಅಂಗಿ ಹಿಡಿದು ಹೊರಗೆ ಎಳೆದ. ಮಗ್ಗದ ಒಂದು ಕಂಬ ಯಮನಪ್ಪನ ಕೈಯಲ್ಲೇ ಇತ್ತು. ಬಾವಿ ಮೊದಲು ಹೋಯಿತು. ಆಮೇಲೆ ಲಗಮವ್ವನ ಮನೆ, ಆಮೇಲೆ ನನ್ನದು. ಎತ್ತರದ ಕಮಾನುಗಳು ಒಂದರ ಪಕ್ಕ ಒಂದು ತೆರೆದುಕೊಳ್ಳುತ್ತಾ ಹೋದವು, ಹೊಸ ಕಲ್ಲು ಬಿಸಿಯಾಗಿ ಆವಿಯಾಡುತ್ತಿತ್ತು. ಯಾರೂ ಅಳಲಿಲ್ಲ.

"ನಿನ್ನ ತಮ್ಮ ಉಳದಾ," ಎಂದಳು ಲಗಮವ್ವ. ಬೇರೆ ಯಾವುದನ್ನೋ ನೋಡುತ್ತಾ ಅಂದಳು. ಹಂಗಿಸಿದಳೋ ಸಮಾಧಾನ ಹೇಳಿದಳೋ ನನಗೆ ತಿಳಿಯಲಿಲ್ಲ, ಬಹುಶಃ ಅವಳಿಗೂ.

ಕಮಾನಿನ ಬದುಕಿಗೆ ನಾವೂ ಹೊಂದಿಕೊಂಡೆವು. ಕಲ್ಲಿನಲ್ಲಿ ಮಗ್ಗದ ಗುಂಡಿ ತೋಡಲಾಗುವುದಿಲ್ಲ. ಯಮನಪ್ಪ ಹಲಗೆ ಎತ್ತರಿಸಿ ಕೂತು ನೇಯುವುದನ್ನು ಕಲಿತ. ನಮ್ಮ ಸುತ್ತು ಎಲ್ಲಕ್ಕಿಂತ ಮೇಲಿನದಾದ್ದರಿಂದ ಅಲ್ಲಿ ದಿನವಿಡೀ ಬಿಸಿಲು. ಆಟವಿಲ್ಲದ ದಿನ ಕಂಬಳಿಗಳನ್ನು ಕೂರುವ ಕಲ್ಲುಗಳ ಮೇಲೆಯೇ ಹರಡಿದೆವು. ಚೆನ್ನಾಗಿ ಒಣಗುತ್ತಿದ್ದವು. ಅಮೋಘಿಯ ಕಾಲು ನೆಟ್ಟಗಾಗಲಿಲ್ಲ. ಗರಡಿಯವರು ಅವನನ್ನು ಬಿಟ್ಟರು. ಅವನು ಕಂಬಳಿ ಹೊತ್ತು ಮೇಲೆ ಹಾಕಿ ಕೆಳಗೆ ತರುತ್ತಿದ್ದ. ಜಕ್ಕಪ್ಪ ಆಗಾಗ ಬಂದು ರೊಟ್ಟಿ ಕೇಳಿ ಉಂಡು ಹೋಗುತ್ತಿದ್ದ. ಅಮೋಘಿಯನ್ನು ಬಿಟ್ಟರೆ ಅವನೊಡನೆ ನಮ್ಮ ಕಮಾನುಗಳಲ್ಲಿ ಯಾರೂ ಮಾತಾಡುತ್ತಿರಲಿಲ್ಲ.

ಮುಂದಿನ ಜೋಡಿ ಆಟದ ದಿನ ನಮ್ಮ ಸುತ್ತಿನ ಮೇಲೆ ನಾವು ಕೂತೆವು. ನಾನು ಮತ್ತು ಲಗಮವ್ವ ಅಕ್ಕಪಕ್ಕ. ಅಮೋಘಿ ಗಂಡಸರ ಜೊತೆ ಅತ್ತ ಕಡೆ. ನಮ್ಮ ಬೆನ್ನಿಗೆ ಹೊಸ ಕಟಾಂಜನ, ಅದರ ಹಿಂದೆ ಕುಂಬಾರ ಓಣಿಯವರು ನಿಂತಿದ್ದರು. ತಿರುಗಿ ನೋಡದಿದ್ದರೂ ಅವರು ಉಸಿರಾಡುವುದು ನನಗೆ ಕೇಳಿಸುತ್ತಿತ್ತು.

ಜಕ್ಕಪ್ಪ ಬೇರೆ ಗರಡಿಯವನೊಬ್ಬನೊಂದಿಗೆ ನಿಂತಿದ್ದ. ಹೆಗಲ ಗಾಯ ಪೂರ್ತಿ ಮಾಗಿರಲಿಲ್ಲ. ಬಲೆ ಬೀಸಿದ್ದು ಸಾಲದೆ ಹೋಯಿತು. ಎದುರಿನವನು ಅವನನ್ನು ಮರಳಿನ ಮೇಲೆ ಅಂಗಾತ ಕೆಡವಿದ. ಬೆರಳು ಮೇಲೆ ಬಂತು. ಹೊಸ ನಗಾರಿಯವನು ಬಡಿಯತೊಡಗಿದ. ಅವನು ಎಷ್ಟು ಹೊತ್ತು ಬಡಿಯುತ್ತಾನೋ ಯಾರಿಗೂ ಗೊತ್ತಿರಲಿಲ್ಲ.

ನಾನು ಅಂಗೈ ಎತ್ತಿದೆ. ಪಕ್ಕಕ್ಕೆ ನೋಡಿದೆ. ಲಗಮವ್ವನ ಕೈ ಮುಷ್ಟಿಯಾಗಿತ್ತು. ಅವಳಾಚೆ ನಮ್ಮ ಓಣಿಯ ಹೆಂಗಸರ ಸಾಲು, ಮುಷ್ಟಿ, ಮುಷ್ಟಿ.

"ಲಗಮವ್ವ!"

"ಅಂವನ ಬಲ್ಯಾಗ ನಿನ್ನ ತಮ್ಮ ಬೀಳದಿದ್ರ ನಮ್ಮ ಮನಿ ಇರತಿದ್ವು," ಎಂದಳು ಅವಳು, ಮರಳಿನ ಮೇಲಿಂದ ಕಣ್ಣು ತೆಗೆಯದೆ. "ಸುಮ್ಮ ಕುಂದರು."

ನಾನು ಅವಳ ಮುಂಗೈ ಹಿಡಿದು ಕೆಳಗೆಳೆದೆ. ಅವಳು ಕೊಸರಿದಳು. ಬಲವಿದ್ದವಳು, ಉಣ್ಣೆ ಹಿಂಜಿ ಹಿಂಜಿ ಗಟ್ಟಿಯಾದ ಕೈ. ಎರಡೂ ಕೈಯಿಂದ ಅವಳ ಬೆರಳು ಬಿಡಿಸಲು ನೋಡಿದೆ. ಕಿರುಬೆರಳು ಬಿಟ್ಟುಕೊಂಡಿತು, ಮುಂದಿನದಕ್ಕೆ ಹೋದರೆ ಮೊದಲಿನದು ಮತ್ತೆ ಮಡಚಿತು. "ಬಿಡು," ಎಂದಳು. "ಬಿಡಂದ್ರ ಬಿಡು ಮಾಳವ್ವ." ಬಿಡಲಿಲ್ಲ. ಅತ್ತ ಕಡೆ ಅಮೋಘಿ ಎದ್ದು ಮೆಟ್ಟಿಲು ಇಳಿಯುತ್ತಿದ್ದ, ಒಂದೊಂದು ಮೆಟ್ಟಿಲಿಗೂ ಎರಡೂ ಕಾಲು ಕೂಡಿಸಿ ನಿಂತು, ಜಕ್ಕಪ್ಪನ ಹೆಸರು ಕೂಗುತ್ತಾ. ಅವನು ಬಹಳ ನಿಧಾನ ಇಳಿಯುತ್ತಿದ್ದ. ಆ ನಿಧಾನ ನೋಡಲಾಗಲಿಲ್ಲ. ಹಿಂದೆ ಕುಂಬಾರ ಓಣಿಯ ಯಾವಳೋ ಸಣ್ಣ ದನಿಯಲ್ಲಿ "ಯವ್ವಾ, ಯವ್ವಾ" ಎನ್ನುತ್ತಿದ್ದಳು, ಯಾರನ್ನೂ ಕರೆಯದೆ.

ಲಗಮವ್ವ ತಟಕ್ಕನೆ ಹಿಂದಕ್ಕೆ ತಿರುಗಿದಳು. ಅವಳು ಏನು ಕಂಡಳೋ ನಾನು ನೋಡಲಿಲ್ಲ. ನನ್ನ ಕಣ್ಣು ಅವಳ ಕೈಯ ಮೇಲಿತ್ತು. ಆ ಕೈ ನನ್ನ ಕೈಗಳ ನಡುವೆ ತಾನಾಗಿ ಮೆತ್ತಗಾಯಿತು. ಅಂಗೈಯಲ್ಲಿ ಉಗುರು ಒತ್ತಿದ ಗುರುತುಗಳು ಕೆಂಪಗಿದ್ದವು.

"ಮೊದಲು ಈ ಸಾಲಿನವರ್ನ ಕೇಳೂನು," ಎಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದಳು. "ಆಮ್ಯಾಲ ನೀ ಆ ಮೆಟ್ಟಲಾ ಹಿಡಿ, ನಾ ಈ ಮೆಟ್ಟಲಾ ಹಿಡೀತೀನಿ. ಲಗೂನ ನಡಿ, ಈ ಹೊಸಾಂವನ ತೋಳು ಹೆಂಗೈತೋ ಏನೋ."

ನಾವು ಇಳಿದೆವು. ಆ ಸಂಜೆ ಬಯಲಿನಲ್ಲಿ ಕುಂಬಾರರ ಜೊತೆ ನಾವೂ ನಿಂತಿದ್ದೆವು, ಕತ್ತಲಾಗುವ ತನಕ. ಜಕ್ಕಪ್ಪ ಅಮೋಘಿಯ ಪಕ್ಕ ಒಂದು ಗಂಟಿನ ಮೇಲೆ ಕೂತು ರೊಟ್ಟಿ ಮುರಿಯುತ್ತಿದ್ದ. ನೆಲ ಅಲುಗಲಿಲ್ಲ.